ಕಡತ ಕುಗ್ಗಿದರೆ ನಾದ ಉಳಿದೀತೇ?

ಮನೆಮನೆಗಳಲ್ಲಿ ಟೇಪ್ ರೆಕಾರ್ಡರ್ ಮೂಲೆ ಸೇರಿ ವರ್ಷಗಳು ಸಂದವು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿಯವರಂತಹ ಗಾಯಕರ ವಚನಗಾಯನ, ಪೂಜ್ಯರ ಪ್ರವಚನ, ಅಗಲಿದ ಹಿರಿಯರ ನಾಲ್ಕು ಮಾತು, ಇವೆಲ್ಲವೂ ಈಗ ಪೆನ್‌ಡ್ರೈವ್‌ನಲ್ಲಿ, ಮೊಬೈಲ್‌ನಲ್ಲಿ ನೆಲೆಸಿವೆ. ಆದರೆ ಅದೇ ಹಾಡು ಒಂದು ಕಡತದಲ್ಲಿ ಎದುರಿಗೆ ಕುಳಿತು ಹಾಡಿದಂತೆ ಕೇಳಿಸಿದರೆ, ಇನ್ನೊಂದರಲ್ಲಿ ನೀರಿನೊಳಗಿನಿಂದ ಬಂದಂತೆ ಕೇಳಿಸುವುದುಂಟು. ಇದಕ್ಕೆ ಬಹುಪಾಲು ಕಾರಣ ‘ಬಿಟ್‌ರೇಟ್’. ಅದರ ಮರ್ಮವನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಒಳಿತು.

ಬಿಟ್‌ರೇಟ್ ಎಂದರೇನು?

ಗಣಕಯಂತ್ರವು ಧ್ವನಿಯನ್ನು ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತುಗಳಲ್ಲಿ ಬರೆದಿಡುತ್ತದೆ. ಇಂತಹ ಒಂದು ಗುರುತಿಗೆ ಬಿಟ್ ಎಂದು ಹೆಸರು. ಒಂದು ಸೆಕೆಂಡಿನ ಧ್ವನಿಗೆ ಎಷ್ಟು ಬಿಟ್‌ಗಳನ್ನು ವ್ಯಯಿಸಲಾಗಿದೆ ಎಂಬುದೇ ಬಿಟ್‌ರೇಟ್. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ದಾಖಲಿಸಲಾಗುತ್ತದೆ. ಎಡ, ಬಲ ಎರಡೂ ಕಿವಿಗಳಿಗೆ ಸೇರಿ ಇದು ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಆಗುತ್ತದೆ. ಐದು ನಿಮಿಷದ ಒಂದು ಹಾಡಿಗೆ ಸುಮಾರು 53 ಮೆಗಾಬೈಟ್ ಸ್ಥಳ ಬೇಕು. ಅದೇ ಹಾಡು 128 ಕಿಲೋಬಿಟ್‌ನ ಎಂಪಿ3 ಕಡತವಾದಾಗ 5 ಮೆಗಾಬೈಟ್‌ಗಿಂತ ಕಡಿಮೆ ಸ್ಥಳದಲ್ಲಿ ಅಡಗುತ್ತದೆ. ಹಾಗಾದರೆ ಉಳಿದ ಹತ್ತರಲ್ಲಿ ಒಂಬತ್ತು ಪಾಲು ಎಲ್ಲಿ ಹೋಯಿತು?

ಕಿವಿಯ ಮಿತಿಯೇ ಆಧಾರ

ಜಾತ್ರೆಯಲ್ಲಿ ನಗಾರಿ ಮೊಳಗುವಾಗ ಪಕ್ಕದಲ್ಲಿರುವವರ ಪಿಸುಮಾತು ನಮಗೆ ಕೇಳಿಸದು. ದೊಡ್ಡ ಧ್ವನಿಯು ತನ್ನ ಸಮೀಪದ ಸಣ್ಣ ಧ್ವನಿಯನ್ನು ಮರೆಮಾಡುತ್ತದೆ. ಕಿವಿಗೆ ಕೇಳಿಸದ್ದನ್ನು ಬರೆದಿಡುವುದೇಕೆ ಎಂಬುದೇ ಈ ತಂತ್ರದ ತಿರುಳು. ಜರ್ಮನಿಯ ಅರ್ಲಾಂಗೆನ್‌ನಲ್ಲಿ ಕಾರ್ಲ್‌ಹೈಂಜ್ ಬ್ರಾಂಡೆನ್‌ಬುರ್ಗ್ ಮತ್ತು ಅವರ ಸಂಗಡಿಗರು ವರ್ಷಾನುಗಟ್ಟಲೆ ಇದಕ್ಕಾಗಿ ಶ್ರಮಿಸಿದರು. ವಾದ್ಯಗಳ ನೆರವಿಲ್ಲದೆ ಸುಜಾನ್ ವೇಗಾ ಹಾಡಿದ ‘ಟಾಮ್ಸ್ ಡೈನರ್’ ಎಂಬ ಗೀತೆಯನ್ನು ಅವರು ಪರೀಕ್ಷೆಗೆ ಬಳಸಿದ್ದು ಪ್ರಸಿದ್ಧ ಸಂಗತಿ. ಒಂಟಿ ಕಂಠದಲ್ಲಿ ದೋಷವನ್ನು ಮರೆಮಾಡಲು ಬೇರಾವ ಧ್ವನಿಯೂ ಇರುವುದಿಲ್ಲ. ಆದ್ದರಿಂದ ಅದೇ ಕಠಿಣ ಪರೀಕ್ಷೆಯಾಯಿತು. 1995ರಲ್ಲಿ ಈ ಕಡತಗಳಿಗೆ ಎಂಪಿ3 ಎಂಬ ಹೆಸರು ನಿಶ್ಚಯವಾಯಿತು.

ಬಿಟ್ ಕಡಿಮೆಯಾದಂತೆ

ಸಂಗೀತದ ಎಂಪಿ3 ಕಡತಗಳು ಸಾಮಾನ್ಯವಾಗಿ 32ರಿಂದ 320 ಕಿಲೋಬಿಟ್‌ವರೆಗೆ ಇರುತ್ತವೆ. 256 ಅಥವಾ 320ರಲ್ಲಿ ಸಿದ್ಧಪಡಿಸಿದ ಕಡತಕ್ಕೂ ಮೂಲ ಸಿ.ಡಿ.ಗೂ ಇರುವ ಅಂತರವನ್ನು ಹೆಚ್ಚಿನ ಕೇಳುಗರು ಗುರುತಿಸಲಾರರು. 128ಕ್ಕೆ ಇಳಿದಾಗ, ಬಹುತೇಕ ತಂತ್ರಾಂಶಗಳು ಅತಿ ಎತ್ತರದ ಸ್ವರಾಂಶಗಳನ್ನು ಕತ್ತರಿಸಿಬಿಡುತ್ತವೆ. ಇನ್ನೂ ಕೆಳಗಿಳಿದರೆ ದೋಷವು ಸ್ಪಷ್ಟವಾಗುತ್ತದೆ. ತಾಳದ ಝೇಂಕಾರವು ಗುಳುಗುಳು ಸದ್ದಾಗುತ್ತದೆ. ತಂಬೂರಿಯ ಅನುರಣನದ ಸೂಕ್ಷ್ಮ ಎಳೆಗಳು ಮಾಯವಾಗುತ್ತವೆ. ತಬಲಾದ ಪೆಟ್ಟು ತನ್ನ ತೀಕ್ಷ್ಣತೆಯನ್ನು ಕಳೆದುಕೊಳ್ಳುತ್ತದೆ. ಎಂಪಿ3 ಧ್ವನಿಯನ್ನು ಸಣ್ಣ ಸಣ್ಣ ಕಾಲಖಂಡಗಳಾಗಿ ವಿಂಗಡಿಸುತ್ತದೆ. ಬಿಟ್ ಸಾಲದಾದಾಗ ಪೆಟ್ಟಿನ ಸದ್ದು ಆ ಖಂಡದ ಉದ್ದಕ್ಕೂ ಹರಡಿ, ಪೆಟ್ಟು ಬೀಳುವ ಮೊದಲೇ ಅದರ ನೆರಳು ಕೇಳಿಸುವಂತಾಗುತ್ತದೆ.

ಪ್ರವಚನದ ಮಾತಿಗೆ ಇಷ್ಟೊಂದು ಬಿಟ್ ಬೇಕಿಲ್ಲ. ಒಂದೇ ಮೈಕಿನಲ್ಲಿ ಮುದ್ರಿಸಿದ ಮಾತನ್ನು ‘ಮೋನೋ’ ರೂಪದಲ್ಲಿ ಉಳಿಸಿದರೆ, 64 ಕಿಲೋಬಿಟ್‌ನಲ್ಲಿಯೂ ಅದು ಸ್ಪಷ್ಟವಾಗಿರುತ್ತದೆ. ಎರಡು ಕಿವಿಗಳಿಗೆ ಹಂಚಿಹೋಗಬೇಕಾದ ಬಿಟ್‌ಗಳೆಲ್ಲ ಒಂದೇ ಧ್ವನಿಗೆ ದೊರೆಯುವುದೇ ಇದಕ್ಕೆ ಕಾರಣ. ಮತ್ತೊಂದು ಅಂಶವನ್ನೂ ಗಮನಿಸಬೇಕು. 1997ರ ಎಎಸಿ, 2012ರ ಓಪಸ್ ಮೊದಲಾದ ಹೊಸ ವಿಧಾನಗಳು ಕಡಿಮೆ ಬಿಟ್‌ನಲ್ಲಿಯೇ ಎಂಪಿ3ಗೆ ಸಮನಾದ ಗುಣವನ್ನು ನೀಡಬಲ್ಲವು. ಆದಕಾರಣ ಬೇರೆ ಬೇರೆ ವಿಧಾನಗಳ ಕಡತಗಳನ್ನು ಬರಿಯ ಅಂಕಿಯಿಂದಲೇ ಹೋಲಿಸುವುದು ಸರಿಯಲ್ಲ.

ಹೋದದ್ದು ಮರಳಿ ಬಾರದು

ಅನೇಕರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. 64 ಕಿಲೋಬಿಟ್‌ನ ಕಡತವನ್ನು 320ಕ್ಕೆ ಪರಿವರ್ತಿಸಿದರೆ ಧ್ವನಿ ಸುಧಾರಿಸುವುದೆಂದು ಅವರು ಭಾವಿಸುತ್ತಾರೆ. ನೀರು ಬೆರೆತ ಹಾಲನ್ನು ದೊಡ್ಡ ಪಾತ್ರೆಗೆ ಸುರಿದ ಮಾತ್ರಕ್ಕೆ ಅದು ಗಟ್ಟಿಯಾಗುವುದಿಲ್ಲ. ಕಡತದ ಗಾತ್ರ ಬೆಳೆಯುತ್ತದೆಯೇ ಹೊರತು ಒಮ್ಮೆ ಕೈಬಿಟ್ಟ ನಾದಾಂಶ ಮರಳದು. ಅಷ್ಟೇ ಅಲ್ಲ, ಎಂಪಿ3ಯಿಂದ ಮತ್ತೆ ಎಂಪಿ3 ಮಾಡಿದಾಗಲೆಲ್ಲ ಇನ್ನಷ್ಟು ನಷ್ಟವಾಗುತ್ತದೆ.

ಆದ್ದರಿಂದ ಹಳೆಯ ಕ್ಯಾಸೆಟ್ಟುಗಳನ್ನು ಗಣಕಯಂತ್ರಕ್ಕೆ ಇಳಿಸುವವರು ಮೊದಲ ಪ್ರತಿಯನ್ನು ಸಂಕುಚಿಸಬಾರದು. ಅದನ್ನು ‘ವೇವ್’ ರೂಪದಲ್ಲಿಯೋ, 2001ರಲ್ಲಿ ಬಂದ ‘ಫ್ಲ್ಯಾಕ್’ ರೂಪದಲ್ಲಿಯೋ ಕಾಪಿಡಬೇಕು. ಫ್ಲ್ಯಾಕ್ ಕಡತವು ಗಾತ್ರವನ್ನು ಕುಗ್ಗಿಸಿದರೂ ಒಂದು ಬಿಟ್ಟನ್ನೂ ಕಳೆಯುವುದಿಲ್ಲ. ಕ್ಯಾಸೆಟ್ಟಿನಲ್ಲಿ ಸದಾ ಕೇಳಿಬರುವ ‘ಸುಸ್ಸ್’ ಎಂಬ ಸದ್ದೂ ಬಿಟ್‌ಗಳನ್ನು ಕಬಳಿಸುತ್ತದೆಯಾದ ಕಾರಣ, ಹಳೆಯ ಮುದ್ರಣಕ್ಕೆ ಕಡಿಮೆ ಬಿಟ್ ಸಾಕೆಂಬ ಎಣಿಕೆಯೂ ತಪ್ಪು. ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟು ವೇವ್ ರೂಪದಲ್ಲಿ ಸುಮಾರು 950 ಮೆಗಾಬೈಟ್ ಆಗುತ್ತದೆ. ಅಂದರೆ 32 ಗಿಗಾಬೈಟ್‌ನ ಒಂದು ಪೆನ್‌ಡ್ರೈವ್‌ನಲ್ಲಿ ಮೂವತ್ತು ಕ್ಯಾಸೆಟ್ಟುಗಳು ಹಿಡಿಯುತ್ತವೆ. ಒಂದೇ ಸಾಧನವನ್ನು ನಂಬದೆ, ಇನ್ನೊಂದು ಪ್ರತಿಯನ್ನು ಬೇರೆಡೆ ಇಡುವುದು ಲೇಸು. ಬಂಧುಮಿತ್ರರಿಗೆ ಹಂಚಲು ಈ ಮೂಲಪ್ರತಿಯಿಂದಲೇ ಚಿಕ್ಕ ಎಂಪಿ3 ಮಾಡಿಕೊಳ್ಳಬಹುದು. ಗಾಯನಕ್ಕೆ 192ಕ್ಕಿಂತ ಕೆಳಗಿಳಿಯದಿರುವುದು ಉತ್ತಮ.

ಕ್ಯಾಸೆಟ್ಟಿನ ಕಾಂತೀಯ ಲೇಪ ವರ್ಷವರ್ಷಕ್ಕೂ ಕ್ಷೀಣಿಸುತ್ತಿದೆ. ಅದನ್ನು ನುಡಿಸುವ ಯಂತ್ರಗಳೂ ಅಪರೂಪವಾಗುತ್ತಿವೆ. ಲಿಂಗೈಕ್ಯರಾದ ಹಿರಿಯರ ಧ್ವನಿಯನ್ನು ಮತ್ತೊಮ್ಮೆ ಮುದ್ರಿಸಿಕೊಳ್ಳುವ ಅವಕಾಶ ಯಾರಿಗೂ ಇಲ್ಲ. ಕೊಂಚ ಸ್ಥಳವನ್ನು ಉಳಿಸಲು ಹೋಗಿ ಆ ಧ್ವನಿಯನ್ನು ಸೊರಗಿಸದೆ, ಅದು ಇರುವಷ್ಟನ್ನೂ ಇರುವಂತೆಯೇ ಮೊಮ್ಮಕ್ಕಳ ಕೈಗೆ ಒಪ್ಪಿಸುವುದು ಇಂದಿನವರ ಹೊಣೆ.