ಪೆಟ್ರೋಲ್ ಎಲ್ಲಿ ಹೋಯಿತು?

ನಮ್ಮ ಕಾಕಾ ಒಂದು ಹಳೆಯ ಕಾರು ತಗೊಂಡು ಬಾಡಿಗೆಗೆ ಬಿಟ್ಟಿದ್ದಾರೆ. ಆಸ್ಪತ್ರೆ, ಮದುವೆ, ಸಂತಿ ಅಂತ ಬ್ಯಾಡಗಿ, ಹಾವೇರಿ, ರಾಣೇಬೆನ್ನೂರಿಗೆ ಹೋಗುವವರು ಅದನ್ನೇ ಕರೆಯುತ್ತಾರೆ. ಮಾರಿದವನು "ಲೀಟರಿಗೆ 22 ಕೊಡತೈತಿ, ಕಾಗದದಾಗ ಬರದೈತಿ ನೋಡ್ರಿ" ಎಂದು ತೋರಿಸಿದ್ದನು. ಆದರೆ ಯಾವಾಗ ಲೆಕ್ಕ ಹಾಕಿದರೂ ಆವರೇಜ್ 15ರ ಮೇಲೆ ಏರುತ್ತಿರಲಿಲ್ಲ.

ಕಾಕಾಗೆ ಕಾರು ಓಡಿಸುವ ಅಣ್ಣನ ಮೇಲೆ ಸಂಶಯ ಬಂತು. "ರಾತ್ರಿ ಪೈಪ್ ಹಾಕಿ ಪೆಟ್ರೋಲ್ ತಗೀತಾನ, ಈ ತಿಂಗಳ ಮುಗೀಲಿ, ಬಿಡಿಸಿಬಿಡತೀನಿ" ಅಂದರು. ಆ ಅಣ್ಣ ನಮ್ಮ ಓಣಿಯವನೇ, ನನಗೆ ಸೈಕಲ್ ಕಲಿಸಿದವನು. ನನಗೆ ಊಟ ಸೇರಲಿಲ್ಲ.

ಮರುದಿನ ವಿಜ್ಞಾನದ ಸರ್ ಅವರನ್ನು ಕೇಳಿದೆ. "ಮೊದಲ ಆ 22 ಎಲ್ಲಿಂದ ಬಂತು ತಿಳಕೋ" ಎಂದು ಸರ್ ವಿವರಿಸಿದರು. ಪುಣೆಯಲ್ಲಿ ಎ.ಆರ್.ಎ.ಐ. ಎಂಬ ಸಂಸ್ಥೆ ಇದೆ. 1966ರಲ್ಲಿ ಶುರುವಾದದ್ದು. ಅಲ್ಲಿ ವಾಹನಗಳನ್ನು ಪರೀಕ್ಷೆ ಮಾಡುತ್ತಾರೆ. ಕಾಕಾನ ಕಾರು ಹೊಸದಿದ್ದಾಗ ನಡೆಯುತ್ತಿದ್ದ ಪರೀಕ್ಷೆಯಲ್ಲಿ ಕಾರನ್ನು ರಸ್ತೆಗೆ ತರುತ್ತಲೇ ಇರಲಿಲ್ಲ! ಕೋಣೆಯೊಳಗೆ ದೊಡ್ಡ ಉರುಳೆಗಳ ಮೇಲೆ ಚಕ್ರ ಇಟ್ಟು ಓಡಿಸುತ್ತಿದ್ದರು. ಕಾರು ನಿಂತಲ್ಲೇ, ಚಕ್ರ ಮಾತ್ರ ಗಿರಗಿರ. ಯಾವ ಸೆಕೆಂಡಿಗೆ ಎಷ್ಟು ವೇಗ ಎಂಬುದು ಮೊದಲೇ ಗೊತ್ತುಮಾಡಿದ್ದು. ಒಟ್ಟು 1180 ಸೆಕೆಂಡು. ವೇಗ 90 ದಾಟುವಂತಿಲ್ಲ, ಎ.ಸಿ. ಹಾಕುವಂತಿಲ್ಲ. ಹೊಗೆಯನ್ನು ಚೀಲದಲ್ಲಿ ಹಿಡಿದು, ಅದರಲ್ಲಿ ಇಂಗಾಲ ಎಷ್ಟಿದೆ ನೋಡಿ, ಎಷ್ಟು ಪೆಟ್ರೋಲ್ ಉರಿಯಿತು ಎಂದು ಕಂಡುಹಿಡಿಯುತ್ತಿದ್ದರು. ಇದು ನನಗೆ ಬಹಳ ಸೋಜಿಗ ಅನಿಸಿತು.

ಹಾಗಾದರೆ 22 ಸುಳ್ಳಲ್ಲ. ಎಲ್ಲ ಕಾರುಗಳಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟ ಹಾಗೆ, ಯಾವುದು ಹೆಚ್ಚು ಯಾವುದು ಕಡಿಮೆ ಎಂದು ಹೋಲಿಸಲು ಅದು ಬೇಕು. ಆದರೆ ಆ ಕೋಣೆಯಲ್ಲಿ ಬ್ಯಾಡಗಿ ಪ್ಯಾಟಿ ಇರುವುದಿಲ್ಲವಲ್ಲ!

ಕಾಕಾನನ್ನು ಕಾಡಿ ಬೇಡಿ ಒಪ್ಪಿಸಿದೆ. ಒಂದು ವಾರ ರಾತ್ರಿ ಕಾರು ನಮ್ಮ ಅಂಗಳದಲ್ಲೇ ನಿಲ್ಲಬೇಕು, ಕೀಲಿ ಕಾಕಾನ ದಿಂಬಿನ ಕೆಳಗೆ. ಪಂಪಿನ ನಳಿಕೆ ಟಕ್ ಅಂತ ತಾನೇ ನಿಲ್ಲುವ ತನಕ ಪೆಟ್ರೋಲ್ ತುಂಬಿಸಿ ಮೀಟರ್ ಬರೆದುಕೊಂಡೆ. ವಾರದ ಮೇಲೆ ಅದೇ ಪಂಪಿನಲ್ಲಿ ಮತ್ತೆ ಟಕ್ ಅನ್ನುವ ತನಕ ತುಂಬಿಸಿದೆವು. ಓಡಿದ್ದು 405 ಕಿ.ಮೀ., ಹಿಡಿದದ್ದು 27 ಲೀಟರ್. ಭಾಗಿಸಿದರೆ ಸರಿಯಾಗಿ 15! ಕಾಕಾ ಏನೂ ಅನ್ನಲಿಲ್ಲ.

ಕಳ್ಳ ಬೇರೆ ಇದ್ದ. ರವಿವಾರ ನಾನೂ ಜೊತೆಗೆ ಹೋಗಿ ನೋಡಿದೆ. ಮೇಲಿನ ಕ್ಯಾರಿಯರಿನಲ್ಲಿ ಮೆಣಸಿನಕಾಯಿ ಚೀಲ. ಒಣಮೆಣಸಿನಕಾಯಿ ಹಗುರ ಅಲ್ಲವೇ ಎಂದು ನೀವು ಕೇಳಬಹುದು. ತೂಕ ಹಗುರ, ಆದರೆ ಚೀಲ ಉಬ್ಬಿಕೊಂಡು ಗಾಳಿಗೆ ಗೋಡೆಯಂತೆ ನಿಲ್ಲುತ್ತದೆ. ಎದುರುಗಾಳಿಗೆ ಛತ್ರಿ ಹಿಡಿದು ಸೈಕಲ್ ಹೊಡೆದವರಿಗೆ ಇದು ಗೊತ್ತು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಮೋಟೆಬೆನ್ನೂರಿನಲ್ಲಿ ದೊಡ್ಡ ರಸ್ತೆ ಸಿಕ್ಕಿದ್ದೇ ತಡ, ಅಣ್ಣ 100ಕ್ಕೆ ಏರಿಸಿದ. (ಇದು ಅವನದೇ ತಪ್ಪು, ಬರೆಯದೆ ಬಿಡಲಾರೆ.) 1973ರಲ್ಲಿ ಅರಬ್ ದೇಶಗಳು ತೈಲ ಕೊಡುವುದನ್ನು ನಿಲ್ಲಿಸಿದಾಗ ಅಮೆರಿಕದವರು 1974ರಲ್ಲಿ, ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿ.ಮೀ. ಮೀರಿ ಓಡಿಸಬಾರದು ಎಂದು ಕಾನೂನನ್ನೇ ಮಾಡಿದ್ದರಂತೆ.

ಆಮೇಲೆ ಹವಾ. ಬಾಗಿಲ ಹತ್ತಿರದ ಚೀಟಿಯಲ್ಲಿ 33 ಎಂದು ಇತ್ತು, ಹಿಂದಿನ ಎರಡು ಟೈರಿನಲ್ಲಿ ಇದ್ದದ್ದು 24. ಹವಾ ಕಡಿಮೆಯಾದರೆ ಟೈರು ಚಪ್ಪಟೆಯಾಗಿ ನೆಲಕ್ಕೆ ಒತ್ತಿ, ಮಡಚುತ್ತಾ ಬಿಚ್ಚುತ್ತಾ ಬಿಸಿಯಾಗುತ್ತದೆ. ಆ ಬಿಸಿ ಬಂದದ್ದೂ ಪೆಟ್ರೋಲಿನಿಂದಲೇ. ಹವಾ ನೋಡಿಸುವುದಾದರೆ ಬೆಳಿಗ್ಗೆ ಟೈರು ತಣ್ಣಗಿದ್ದಾಗ ನೋಡಿಸಬೇಕು. ಬ್ಯಾಡಗಿಯಲ್ಲಿ ಲಾರಿಗಳ ಸಾಲಿನ ಹಿಂದೆ ಬಹಳ ಹೊತ್ತು ನಿಂತೆವು, ಇಂಜಿನ್ ಚಾಲೂ ಇತ್ತು. ನಿಂತ ಗಾಡಿ ಎಷ್ಟು ಕುಡಿದರೂ ಕಿಲೋಮೀಟರ್ ಸೊನ್ನೆ.

ಎರಡನೆಯ ವಾರ ಹವಾ ಸರಿ ಮಾಡಿಸಿ, ಚೀಲ ಇಲ್ಲದಾಗ ಕ್ಯಾರಿಯರ್ ಬಿಚ್ಚಿಟ್ಟು, 70ರ ಒಳಗೆ ಓಡಿಸಿ, ನಿಂತಲ್ಲಿ ಇಂಜಿನ್ ಬಂದ್ ಮಾಡಿದೆವು. 396 ಕಿ.ಮೀ.ಗೆ 22 ಲೀಟರ್. ಅಂದರೆ 18! ಮೊದಲಿನ ಹಾಗೇ ಓಡಿಸಿದ್ದರೆ 26 ಲೀಟರ್ ಮೇಲೆ ಹೋಗುತ್ತಿತ್ತು. ಲೀಟರಿಗೆ 100 ರೂಪಾಯಿ ಹಿಡಿದರೂ ವಾರಕ್ಕೆ 400 ರೂಪಾಯಿ ಉಳಿಯಿತು. 22 ಮಾತ್ರ ಬರಲಿಲ್ಲ. ಹಳೆಯ ಇಂಜಿನ್, ನಮ್ಮ ರಸ್ತೆ, ಸೆಕೆಗೆ ಎ.ಸಿ. ಕೇಳುವ ಬಾಡಿಗೆಯವರು, ಬರುವುದೂ ಇಲ್ಲ ಅನಿಸುತ್ತದೆ.

ಕಾಕಾ ಅಣ್ಣನಿಗೆ "ತಪ್ಪಾತು" ಅಂತ ಅನ್ನಲಿಲ್ಲ. ತಿಂಗಳು ಮುಗಿದ ದಿನ ಕೀಲಿ ಅವನ ಕೈಗೆ ಕೊಟ್ಟು "ನಾಳೆ ಆರಕ್ಕ ರಾಣೇಬೆನ್ನೂರ ಬಾಡಿಗಿ ಐತಿ, ಲಗೂನ ಬಾ" ಅಂದರು.

ನಿಮ್ಮ ಮನೆಯಲ್ಲಿ ಬೈಕು, ಟ್ರ್ಯಾಕ್ಟರ್ ಏನೇ ಇರಲಿ, ಹಿಂಗ ಎರಡು ಸಲ ತುಂಬಿಸಿ ಲೆಕ್ಕ ಮಾಡಿರಿ. ಈ ಪತ್ರಿಕೆಯ ಕೆಳಗೆ ಒಂದು ಖಾಲಿ ಹಾಳೆ ಅಂಟಿಸಿದ್ದೇನೆ, ಬಂದ ಉತ್ತರವನ್ನು ಅಲ್ಲಿ ಬರೆಯಿರಿ. ಪೆನ್ಸಿಲ್ ದಾರಕ್ಕೆ ಕಟ್ಟಿದೆ, ದಯವಿಟ್ಟು ಒಯ್ಯಬೇಡಿರಿ.