ಕೊಳವೆ ಬಾವಿ ಕೊರೆಯುವ ಮುನ್ನ ಓದಬೇಕಾದ ಅಂಕಿಗಳು

ಬೇಸಿಗೆಯಲ್ಲಿ ಕುಡಿಯುವ ನೀರಿನ ಕೊಳವೆ ಬಾವಿ ಬತ್ತಿದೊಡನೆ, ಇನ್ನಷ್ಟು ಆಳದ ಮತ್ತೊಂದು ಬಾವಿಯ ಪ್ರಸ್ತಾವವು ಗ್ರಾಮ ಪಂಚಾಯಿತಿಯ ಮುಂದೆ ಬರುತ್ತದೆ. ಅನುಮೋದನೆಗೆ ಮೊದಲು ಸದಸ್ಯರು ಪರಿಶೀಲಿಸಬಹುದಾದ ಅಂಕಿ-ಅಂಶಗಳು ಇಂದು ಸಾರ್ವಜನಿಕರಿಗೆ ಮುಕ್ತವಾಗಿವೆ. ಸರ್ಕಾರಿ ದತ್ತಾಂಶವನ್ನು ಜನರಿಗೆ ತೆರೆದಿಡುವ ರಾಷ್ಟ್ರೀಯ ನೀತಿಯು 2012ರಲ್ಲಿ ಜಾರಿಗೆ ಬಂದಿತು. ಅಂತರ್ಜಲ ಮಟ್ಟದ ಅಳತೆಗಳು ಇಂಡಿಯಾ-ಡಬ್ಲ್ಯೂ.ಆರ್.ಐ.ಎಸ್. ಜಾಲತಾಣದಲ್ಲಿ ದೊರೆಯುತ್ತವೆ.

ಈ ಅಳತೆಯು ‘ನೆಲಮಟ್ಟದಿಂದ ಕೆಳಗೆ ಎಷ್ಟು ಮೀಟರ್’ ಎಂಬ ಲೆಕ್ಕದಲ್ಲಿರುತ್ತದೆ. ಅಂಕಿ 8ರಿಂದ 14ಕ್ಕೆ ಏರಿದರೆ ನೀರು ಹೆಚ್ಚಿತೆಂದಲ್ಲ, 6 ಮೀಟರ್ ಕುಸಿಯಿತೆಂದು ಅರ್ಥ. ಕೇಂದ್ರ ಅಂತರ್ಜಲ ಮಂಡಳಿಯು ವರ್ಷದಲ್ಲಿ 4 ಬಾರಿ ಮಟ್ಟವನ್ನು ಅಳೆಯುತ್ತದೆ. ಮೇ ತಿಂಗಳ ಅಂಕಿಯನ್ನು ಹಿಂದಿನ ವರ್ಷಗಳ ಮೇ ತಿಂಗಳೊಂದಿಗೇ ಹೋಲಿಸತಕ್ಕದ್ದು. ಮಳೆಗಾಲ ಮುಗಿದ ನವೆಂಬರ್‌ನೊಂದಿಗೆ ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಎಡೆಯಾಗುತ್ತದೆ. ಅಳೆದದ್ದು ತೆರೆದ ಬಾವಿಯನ್ನೋ ಕೊಳವೆ ಬಾವಿಯನ್ನೋ ಎಂಬುದನ್ನೂ ನೋಡಬೇಕು. ಗಟ್ಟಿ ಶಿಲೆಯ ಪ್ರದೇಶಗಳಲ್ಲಿ ಮೇಲ್ಪದರದ ನೀರಿಗೂ ಆಳದ ಬಿರುಕುಗಳ ನೀರಿಗೂ ಬಹಳ ಅಂತರವಿರಬಹುದು.

ಇನ್ನೊಂದು ಅಂಕಿ ತಾಲ್ಲೂಕಿನ ವರ್ಗೀಕರಣದ್ದು. ವರ್ಷದಲ್ಲಿ ಬಳಸಬಹುದಾದ ಅಂತರ್ಜಲದಲ್ಲಿ ಶೇ. 70ರವರೆಗೆ ತೆಗೆಯುತ್ತಿದ್ದರೆ ಸುರಕ್ಷಿತ, 90ರವರೆಗೆ ಅರೆ ಕ್ಲಿಷ್ಟಕರ, 100ರವರೆಗೆ ಕ್ಲಿಷ್ಟಕರ, ಅದನ್ನು ಮೀರಿದರೆ ಅತಿಬಳಕೆ. ಇದು ಇಡೀ ತಾಲ್ಲೂಕಿನ ಲೆಕ್ಕ. ‘ಸುರಕ್ಷಿತ’ ತಾಲ್ಲೂಕಿನಲ್ಲಿಯೂ ಬತ್ತಿದ ಗ್ರಾಮಗಳಿರಬಹುದು. ಫ್ಲೋರೈಡ್ ಇದೆಯೇ ಇಲ್ಲವೇ ಎಂಬುದನ್ನಂತೂ ಈ ಪದ ಹೇಳುವುದೇ ಇಲ್ಲ; ವರ್ಗೀಕರಣವು ನೀರಿನ ಪ್ರಮಾಣಕ್ಕೆ ಸಂಬಂಧಿಸಿದ್ದು, ಗುಣಮಟ್ಟಕ್ಕಲ್ಲ. ಕರ್ನಾಟಕ ಅಂತರ್ಜಲ ಅಧಿನಿಯಮ 2011ರ ಅಡಿ ಅಧಿಸೂಚಿತವಾದ ಪ್ರದೇಶಗಳಲ್ಲಿ ಹೊಸ ಬಾವಿ ಕೊರೆಯಲು ಅನುಮತಿ ಅಗತ್ಯ.

ನೀರು ಕೆಳಗಿಳಿದಂತೆ ವಿದ್ಯುತ್ ಬಿಲ್ಲು ಮೇಲೇರುತ್ತದೆ. ದಿನಕ್ಕೆ 1 ಲಕ್ಷ ಲೀಟರ್ ನೀರನ್ನು 100 ಮೀಟರ್ ಮೇಲೆತ್ತಲು ತತ್ತ್ವತಃ ಸುಮಾರು 27 ಯೂನಿಟ್ ಸಾಕು. ಪಂಪು ಮತ್ತು ಮೋಟಾರಿನ ಒಟ್ಟು ದಕ್ಷತೆ ಶೇ. 40 ಎಂದಿಟ್ಟುಕೊಂಡರೆ ಅದು ಸುಮಾರು 68 ಯೂನಿಟ್ ಆಗುತ್ತದೆ. ನೀರು 150 ಮೀಟರಿಗೆ ಇಳಿದರೆ 102. ಅಂದರೆ ಅಷ್ಟೇ ನೀರಿಗೆ ತಿಂಗಳಿಗೆ ಸುಮಾರು 1,000 ಯೂನಿಟ್ ಹೆಚ್ಚುವರಿ ಹೊರೆ, ಅದೂ ಒಂದೇ ಬಾವಿಯಿಂದ. ಪ್ರಸ್ತಾವಗಳಲ್ಲಿ ಕೊರೆಯುವ ವೆಚ್ಚ ಕಾಣಿಸುತ್ತದೆ; ಈ ಹೊರೆ ಸಾಮಾನ್ಯವಾಗಿ ಕಾಣಿಸುವುದಿಲ್ಲ.

ಆದುದರಿಂದ ಕ್ರಿಯಾ ಯೋಜನೆಯ ಸಭೆಯಲ್ಲಿ ಮೂರು ದಾಖಲೆಗಳನ್ನು ಒಟ್ಟಿಗೆ ಇಡುವುದು ಸೂಕ್ತ: ಸಮೀಪದ ವೀಕ್ಷಣಾ ಬಾವಿಯ ಕಳೆದ 5 ವರ್ಷಗಳ ಮೇ ತಿಂಗಳ ಮಟ್ಟ, ಗ್ರಾಮ ಪಂಚಾಯಿತಿವಾರು ಮಳೆಯ ಅಂಕಿ, ಹಾಗೂ ಪ್ರತಿ ಪಂಪಿನ ವಿದ್ಯುತ್ ಬಿಲ್ಲಿನಲ್ಲಿರುವ ಯೂನಿಟ್‌ಗಳು. ಮಳೆಯ ಅಂಕಿಯು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಲಭ್ಯ. ಸಮೀಪದಲ್ಲಿ ವೀಕ್ಷಣಾ ಬಾವಿ ಇಲ್ಲದಿದ್ದರೆ, ನೀರುಗಂಟಿಯ ಮೂಲಕ ಪಂಚಾಯಿತಿಯ ಒಂದು ಬಾವಿಯ ಮಟ್ಟವನ್ನು ತಿಂಗಳಿಗೊಮ್ಮೆ, ಪಂಪು ನಿಲ್ಲಿಸಿ ಕೆಲವು ಗಂಟೆಗಳ ನಂತರ, ಅಳೆಯಿಸಿ ದಿನಾಂಕದೊಂದಿಗೆ ವಹಿಯಲ್ಲಿ ದಾಖಲಿಸಬಹುದು.