ಗೋಡೆಯಂಥ ಗುಡ್ಡದಲ್ಲಿ ದ್ರಾಕ್ಷಿ ಬೆಳೆಯುವವರು

ಜರ್ಮನಿಯ ಮೋಸೆಲ್ ಕಣಿವೆಗೆ ಬರುವ ಪ್ರವಾಸಿಗಳು ನದಿ, ಕೋಟೆ, ಹಳೇ ಪೇಟೆ ನೋಡಿ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಕೃಷಿಕನ ಕಣ್ಣು ಮೊದಲು ಹೋಗುವುದು ಗುಡ್ಡಕ್ಕೆ. ಇಷ್ಟು ಕಡಿದಾದ ಜಾಗದಲ್ಲಿ ಕೆಲಸ ಮಾಡುವುದು ಹೇಗೆ? ಮಾಡಿದ ಖರ್ಚು ಹುಟ್ಟುವುದು ಹೇಗೆ? ಮಗಳು ಆ ದೇಶದಲ್ಲಿ ಉದ್ಯೋಗದಲ್ಲಿರುವ ಕಾರಣ ನನಗೆ ನಾಲ್ಕು ದಿನ ಅಲ್ಲಿ ಸುತ್ತಾಡಲು ಸಿಕ್ಕಿತು. ಈ ಎರಡು ಪ್ರಶ್ನೆಗಳನ್ನೇ ಹಿಡಿದುಕೊಂಡು ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೋಸೆಲ್ ಹುಟ್ಟುವುದು ಫ್ರಾನ್ಸಿನ ಬೆಟ್ಟಗಳಲ್ಲಿ. ಲಕ್ಸೆಂಬರ್ಗಿನ ಗಡಿಯಾಗಿ ಹರಿದು, ಜರ್ಮನಿಯ ಕೊಬ್ಲೆಂಝ್ ಪೇಟೆಯಲ್ಲಿ ರೈನ್ ನದಿಗೆ ಸೇರುತ್ತದೆ. ಟ್ರಿಯರ್ ಪೇಟೆ ದಾಟಿದ ಮೇಲೆ ಹಾವಿನ ಹಾಗೆ ಸುತ್ತಿ ಸುತ್ತಿ ಸಾಗುತ್ತದೆ. ಈ ತಿರುವುಗಳಲ್ಲಿ ಬಿಸಿಲಿಗೆ ಮುಖ ಮಾಡಿದ ಗುಡ್ಡಗಳಲ್ಲೆಲ್ಲ ದ್ರಾಕ್ಷಿ. ಹೆಚ್ಚಿನದು ರೀಸ್ಲಿಂಗ್ ಎಂಬ ಬಿಳಿ ತಳಿ.

ಸ್ಲೇಟು ಕಲ್ಲೇ ಮಣ್ಣು

ಬ್ರೆಮ್ ಎಂಬ ಹಳ್ಳಿಯ ಕಾಲ್ಮೊಂಟ್ ಗುಡ್ಡ ಯುರೋಪಿನ ಅತಿ ಕಡಿದಾದ ದ್ರಾಕ್ಷಿ ತೋಟಗಳಲ್ಲಿ ಒಂದು. ಇಳಿಜಾರು ಕೆಲವು ಕಡೆ 65 ಡಿಗ್ರಿ! ತೋಟದ ನಡುವಿನ ಕಾಲುದಾರಿಗೆ ಅಲ್ಲಲ್ಲಿ ಕಬ್ಬಿಣದ ಏಣಿ, ಹಿಡಿದುಕೊಳ್ಳಲು ತಂತಿಹಗ್ಗ. "ಅಪ್ಪ, ಕೆಳಗೆ ನೋಡ್ಬೇಡಿ" ಅಂತ ಮಗಳು ಎರಡು ಸಲ ಹೇಳಿದಳು.

ಕಾಲಡಿಯಲ್ಲಿ ಮಣ್ಣಿಗಿಂತ ಕಲ್ಲೇ ಜಾಸ್ತಿ. ನಾವು ಶಾಲೆಯಲ್ಲಿ ಬರೆದ ಸ್ಲೇಟಿನ ಜಾತಿಯ ಕಲ್ಲು, ಪದರ ಪದರವಾಗಿ ಏಳುತ್ತದೆ. ಅದನ್ನು ಹೆಕ್ಕಿ ಎಸೆಯುವುದಿಲ್ಲ. ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿ ಶಾಖ ಬಿಡುವುದು ಈ ಕಲ್ಲು. ಅಂಥ ಚಳಿ ಸೀಮೆಯಲ್ಲಿ ದ್ರಾಕ್ಷಿ ಹಣ್ಣಾಗುವುದಕ್ಕೆ ಇದರ ಸಹಾಯ ದೊಡ್ಡದು. ಮಣ್ಣು ಜಾರದಂತೆ ಗಾರೆ ಹಾಕದೆ ಕಲ್ಲು ಜೋಡಿಸಿದ ಗೋಡೆಗಳಿವೆ.

ಇಂಥ ಕಡೆ ಪ್ರತಿ ಬಳ್ಳಿಗೂ ಒಂದೊಂದು ಗೂಟ. ಬಳ್ಳಿಯ ಎರಡು ಕಡ್ಡಿಗಳನ್ನು ಬಗ್ಗಿಸಿ ಅದಕ್ಕೆ ಕಟ್ಟುತ್ತಾರೆ. ತಂತಿಯ ಸಾಲು ಅಡ್ಡ ಇಲ್ಲದ ಕಾರಣ ಅಡ್ಡಡ್ಡ ನಡೆದು ಹೋಗಬಹುದು. ನೇರ ಮೇಲೆ ಹತ್ತುವ ಕಷ್ಟ ಅಷ್ಟು ಕಡಿಮೆ. ಸವರುವುದು, ಕಟ್ಟುವುದು, ಕೊಯ್ಯುವುದು ಎಲ್ಲ ಕೈಕೆಲಸ. ಕೊಯ್ಲಿಗೆ ಪೋಲೆಂಡ್, ರುಮೇನಿಯಾಗಳಿಂದ ಆಳುಗಳು ಬರುತ್ತಾರೆ. ಜನ, ಸಾಮಾನು ಸಾಗಿಸಲು ಅನೇಕ ಕಡೆ ಒಂಟಿ ಹಳಿಯ ಪುಟ್ಟ ಗಾಡಿಯಿದೆ. ರೋಗಕ್ಕೆ ಹೆಲಿಕಾಪ್ಟರಿನಿಂದ ಸಿಂಪಡಣೆ, ಈಚೆಗೆ ಡ್ರೋನ್ ಕೂಡಾ.

ಸಿಂಪಡಣೆ ಅಂದಾಗ ನೆನಪಾಯಿತು. ಅಡಿಕೆಗೆ ನಾವು ಬಿಡುವ ಬೋರ್ಡೋ ದ್ರಾವಣ ಹುಟ್ಟಿದ್ದು 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಅಲ್ಲಿಯ ಬೂಜು ರೋಗಕ್ಕೆ ಮಾಡಿದ ಮದ್ದನ್ನು ಇಲ್ಲಿಯ ಕೊಳೆರೋಗಕ್ಕೆ ಹೊಂದಿಸಿ ಕೊಟ್ಟವರು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಆ ಲೆಕ್ಕದಲ್ಲಿ ದ್ರಾಕ್ಷಿಯವರು ನಮಗೆ ದೂರದ ನೆಂಟರೇ.

ಧಾರಣೆಯ ಹಳೇ ಕಥೆ

ಟ್ರಿಯರ್ ರೋಮನ್ನರು ಕಟ್ಟಿದ ಪೇಟೆ. ಅವರ ಕಾಲದ ಕಲ್ಲಿನ ಹೆಬ್ಬಾಗಿಲು 'ಪೋರ್ಟಾ ನಿಗ್ರಾ' ಈಗಲೂ ನಿಂತಿದೆ. ಪೀಸ್‌ಪೋರ್ಟ್ ಹಳ್ಳಿಯಲ್ಲಿ ರೋಮನ್ನರ ದ್ರಾಕ್ಷಿ ಹಿಂಡುವ ತೊಟ್ಟಿಗಳು 1985ರಲ್ಲಿ ಸಿಕ್ಕಿದವು.

ಕಾರ್ಲ್ ಮಾರ್ಕ್ಸ್ 1818ರಲ್ಲಿ ಹುಟ್ಟಿದ್ದು ಇದೇ ಟ್ರಿಯರಿನಲ್ಲಿ. ಅವರು ಮೋಸೆಲ್ ದ್ರಾಕ್ಷಿ ಬೆಳೆಗಾರರ ಸಂಕಷ್ಟದ ಬಗ್ಗೆ 1843ರಲ್ಲಿ ಪತ್ರಿಕೆಯಲ್ಲಿ ಬರೆದಿದ್ದರು. ಆಗ ಈ ಸೀಮೆ ಪ್ರಶ್ಯಾ ರಾಜ್ಯದಲ್ಲಿತ್ತು. ಹೊರಗಿನ ವೈನಿಗೆ ಸುಂಕ ಇದ್ದಷ್ಟು ದಿನ ಇಲ್ಲಿಯವರಿಗೆ ಒಳ್ಳೇ ಧಾರಣೆ. ಅದನ್ನು ನಂಬಿ ಹೊಸ ತೋಟ ಎಬ್ಬಿಸಿದರು. 1834ರಲ್ಲಿ ಜರ್ಮನ್ ರಾಜ್ಯಗಳ ಸುಂಕ ಒಕ್ಕೂಟವಾದಾಗ ದಕ್ಷಿಣದ ಅಗ್ಗದ ವೈನ್ ಒಳಗೆ ಬಂತು. ಧಾರಣೆ ಬಿತ್ತು, ಸಾಲ ಉಳಿಯಿತು. ಅಡಿಕೆ, ಕಾಳುಮೆಣಸು ಬೆಳೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೊಪ್ಪಿನ ಕಟ್ಟು ಕಂಡರೆ ಒಳಗೆ ಬನ್ನಿ

ನನಗೆ ಹೆಚ್ಚು ಹಿಡಿಸಿದ್ದು ಅವರ 'ಸ್ಟ್ರೌಸ್‌ವಿರ್ಟ್‌ಶಾಫ್ಟ್'. ಹೆಸರು ಕಷ್ಟ, ಸಂಗತಿ ಸುಲಭ. ದ್ರಾಕ್ಷಿ ಕೃಷಿಕ ತನ್ನ ಮನೆಯಲ್ಲೇ ವರ್ಷಕ್ಕೆ ಒಟ್ಟು ನಾಲ್ಕು ತಿಂಗಳು ಸ್ವಂತ ತೋಟದ ವೈನನ್ನು ಗಿರಾಕಿಗಳಿಗೆ ಬಡಿಸಬಹುದು. ಜೊತೆಗೆ ರೊಟ್ಟಿ, ಚೀಸಿನಂಥ ಸಾದಾ ತಿಂಡಿ. 40 ಆಸನ ಮೀರಬಾರದು. ಹೋಟೆಲಿನ ಲೈಸೆನ್ಸ್ ಬೇಡ. ಬಾಗಿಲಿಗೆ ಸೊಪ್ಪಿನ ಕಟ್ಟು ತೂಗಿದರೆ 'ತೆರೆದಿದೆ' ಎಂದರ್ಥ.

ಅಂಥ ಒಂದು ಮನೆಯಲ್ಲಿ ಕೂತೆವು. ನಾನು ವೈನ್ ಕುಡಿಯುವವನಲ್ಲ. ಅವರದೇ ತೋಟದ ದ್ರಾಕ್ಷಿ ರಸ ಕೊಟ್ಟರು. ತೋಟದಿಂದ ಬಂದ ಮನೆಯೊಡೆಯರೇ ಕೈತೊಳೆದು ಬಡಿಸಲು ನಿಂತರು. ಮಹಡಿಯಲ್ಲಿ ಪ್ರವಾಸಿಗಳಿಗೆ ಎರಡು ಕೋಣೆ. ಬಂದವರು ಹೋಗುವಾಗ ಬಾಟಲಿ ಕೊಳ್ಳುತ್ತಾರೆ, ಮರುವರ್ಷ ಅಂಚೆಯಲ್ಲಿ ತರಿಸುತ್ತಾರೆ. ಸಗಟಿಗೆ ಕೊಟ್ಟರೆ ಗುಡ್ಡದ ಕೂಲಿ ಹುಟ್ಟದು ಎಂಬುದು ಅವರ ಮಾತು. ಆದರೆ ಹಗಲು ತೋಟ, ಸಂಜೆ ಗಿರಾಕಿ. ಬಿಡುವೆಂಬುದು ಅವರಿಗಿಲ್ಲ. ಇದೊಂದು ಎರಡನೇ ದುಡಿಮೆ ಎಂಬುದನ್ನು ಮರೆಯಬಾರದು.

ತೋಟ ಸಾಕುತ್ತಿರುವ ವೃದ್ಧಾಶ್ರಮ

ಬೆರ್ನ್‌ಕಾಸ್ಟೆಲ್-ಕೂಸ್ ಎಂಬ ಜೋಡಿ ಪೇಟೆಯಲ್ಲಿ ಮರದ ಚೌಕಟ್ಟಿನ ಹಳೇ ಮನೆಗಳು ಚೆಂದ. ಹೊಳೆಯ ಆಚೆ, ಕೂಸ್‌ನಲ್ಲಿ, ಒಂದು ವೃದ್ಧಾಶ್ರಮವಿದೆ. ಅಲ್ಲೇ ಹುಟ್ಟಿ ಕಾರ್ಡಿನಲ್ ಆದ ನಿಕೊಲಾಸ್ 1458ರಲ್ಲಿ 33 ಮಂದಿ ಬಡ ಮುದುಕರಿಗಾಗಿ ಮಾಡಿದ ಸಂಸ್ಥೆ. ಖರ್ಚಿಗೆಂದು ದ್ರಾಕ್ಷಿ ತೋಟ ಬಿಟ್ಟುಕೊಟ್ಟಿದ್ದರು. 550 ವರ್ಷ ದಾಟಿದರೂ ಅದು ನಡೆಯುತ್ತಿದೆ, ತೋಟವೂ ಇದೆ.

ಎಲ್ಲ ತೋಟಗಳಿಗೂ ಆ ಭಾಗ್ಯವಿಲ್ಲ. ಈ ಸೀಮೆಯಲ್ಲಿ 1990ರ ಸುಮಾರಿಗೆ 12 ಸಾವಿರ ಹೆಕ್ಟೇರಿಗಿಂತ ಹೆಚ್ಚು ದ್ರಾಕ್ಷಿಯಿತ್ತು. ಈಗ 9 ಸಾವಿರಕ್ಕೂ ಕಡಿಮೆ. ಕಡಿದಾದ ಗುಡ್ಡಕ್ಕೆ ಸರಕಾರದ ಸಹಾಯಧನ ಇದ್ದರೂ ಮಕ್ಕಳು ಬೇರೆ ಕೆಲಸ ಹಿಡಿದ ಮನೆಗಳ ತೋಟ ಹಡಿಲು ಬೀಳುತ್ತಿದೆ. ದೋಣಿಯಲ್ಲಿ ಕೂತು ನೋಡಿದರೆ ಹಸುರು ಸಾಲುಗಳ ನಡುವೆ ಪೊದೆ ಬೆಳೆದ ತುಂಡುಗಳು ಬೇರೆಯೇ ಕಾಣುತ್ತವೆ. ಪ್ರವಾಸಿಗಳಿಗೆ ಅದೂ ಹಸುರೇ. ಕೃಷಿಕನಿಗೆ ಹಾಗಲ್ಲ, ಅಲ್ಲಿ ಒಂದು ಮನೆಯ ದುಡಿಮೆ ನಿಂತಿದೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ.